ಕಂಪ್ಯೂಟರ್ ಎಲ್ಲಿ ನಿಂತಿತು?

ಪಿಯುಸಿ ಪರೀಕ್ಷೆ ಮುಗಿಸಿ ಅಕ್ಕನ ಮಗಳು ಮಂಡ್ಯದಿಂದ ಮೈಸೂರಿನ ನಮ್ಮನೆಗೆ ಬಂದಳು. ಬರುವಾಗ ಬೆಡ್‌ಶೀಟಲ್ಲಿ ಸುತ್ತಿದ ಒಂದು ಹಳೇ ಡೆಸ್ಕ್‌ಟಾಪನ್ನೂ ತಂದಿದ್ದಳು. ಹದಿನೈದು ವರ್ಷದ್ದು. ಒಂದು ಅಂಗಡಿಯಲ್ಲಿ ತೋರಿಸಿದ್ದಕ್ಕೆ "ಮದರ್‌ಬೋರ್ಡ್ ಹೋಗಿದೆ, ಗುಜರಿಗೆ ಹಾಕಿ" ಅಂದರಂತೆ.

"ನೀನೇ ನೋಡು ಮಾಮ. ನಿಜವಾಗ್ಲೂ ಸತ್ತೋಗಿದ್ಯಾ?"

ಕುವೆಂಪುನಗರದ ನಮ್ಮ ಮನೆಯಲ್ಲಿ ಮಹಡಿ ಮೇಲಿನ ಕೋಣೆ ನನ್ನ ಕೆಲಸದ ಜಾಗ. ಅಲ್ಲಿ ಇಟ್ಟು ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಸ್ಕ್ರೀನ್ ಕಪ್ಪಗೇ ಇತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಉದ್ದನೆಯ ಬೀಪ್, ಬಿಟ್ಟು ಬಿಟ್ಟು ಬರತೊಡಗಿತು. ನನಗೆ ಖುಷಿಯಾಯಿತು. ಬೀಪ್ ಬರುತ್ತಿದೆ ಅಂದರೆ ಪ್ರೊಸೆಸರ್ ಎದ್ದಿದೆ, ಬಯೋಸ್ ಅನ್ನೋ ಮೊದಲ ಪ್ರೋಗ್ರಾಂ ಓಡುತ್ತಿದೆ. ಸ್ಕ್ರೀನ್ ತನಕ ಹೋಗಲು ಆಗದೆ, ಕೈಗೆ ಸಿಕ್ಕ ಸ್ಪೀಕರಿನಲ್ಲೇ ತನ್ನ ತೊಂದರೆ ಹೇಳಿಕೊಳ್ಳುತ್ತಿದೆ.

"ಸತ್ತಿಲ್ಲ ಕಣೇ. ದಾರೀಲಿ ಎಲ್ಲೋ ನಿಂತಿದೆ. ಎಲ್ಲಿ ಅಂತ ಹುಡುಕೋಣ" ಅಂದೆ.

ಹಳ್ಳಿ ಕಡೆ ದಾರಿ ಕೇಳಿದರೆ ಏನು ಹೇಳುತ್ತಾರೆ? "ಸೀದಾ ಹೋಗಿ, ಅರಳಿಕಟ್ಟೆ ಸಿಗುತ್ತೆ, ಅಲ್ಲಿ ಯಾರನ್ನಾದ್ರೂ ಕೇಳಿ." ಪೂರ್ತಿ ದಾರಿ ಯಾರೂ ಹೇಳುವುದಿಲ್ಲ. ಮುಂದಿನ ಕಟ್ಟೆ ತನಕ ಮಾತ್ರ. ಆದರೂ ನಾವು ಊರು ಸೇರುತ್ತೇವೆ. ಕಂಪ್ಯೂಟರ್ ಬೂಟ್ ಆಗುವುದೂ, ಅಂದರೆ ಆನ್ ಆಗಿ ಕೆಲಸಕ್ಕೆ ಸಿದ್ಧವಾಗುವುದೂ, ಹೀಗೇ. ಕರೆಂಟ್ ಬಂದ ಕ್ಷಣದಲ್ಲಿ ಪ್ರೊಸೆಸರಿಗೆ ಡಿಸ್ಕ್ ಗೊತ್ತಿಲ್ಲ, ಸ್ಕ್ರೀನ್ ಗೊತ್ತಿಲ್ಲ, ವಿಂಡೋಸು ಲಿನಕ್ಸು ಏನೂ ಗೊತ್ತಿಲ್ಲ. ಗೊತ್ತಿರುವುದು ಮೊದಲ ಆದೇಶ ಎಲ್ಲಿದೆ ಅನ್ನುವ ಒಂದೇ ಒಂದು ವಿಳಾಸ. ಇವತ್ತಿನ ಇಂಟೆಲ್ ಜಾತಿಯ ಪ್ರೊಸೆಸರಿನಲ್ಲಿ ಅದು 4 ಜಿಬಿ ಗಡಿಗಿಂತ 16 ಬೈಟ್ ಕೆಳಗಿದೆ. 1981ರ ಐಬಿಎಂ ಪಿಸಿಯಲ್ಲಿ 1 ಎಂಬಿ ಗಡಿಗಿಂತ 16 ಬೈಟ್ ಕೆಳಗಿತ್ತು. ಹದಿನಾರೇ ಬೈಟ್ ಜಾಗದಲ್ಲಿ ಏನು ಬರೆಯಬಹುದು? "ಅಲ್ಲಿಗೆ ಹೋಗು" ಅನ್ನುವಷ್ಟು. ಅದು ಮೊದಲ ಅರಳಿಕಟ್ಟೆ.

ಅಲ್ಲಿ ಬಯೋಸ್ ಸಿಗುತ್ತದೆ. ಮದರ್‌ಬೋರ್ಡಿನ ಒಂದು ಸಣ್ಣ ಚಿಪ್ಪಿನಲ್ಲಿ ಬರೆದಿಟ್ಟ ಪ್ರೋಗ್ರಾಂ ಅದು. ಅದರ ಮೊದಲ ಕಷ್ಟ ನನಗೆ ಯಾವಾಗಲೂ ಬೆರಗು ತರುತ್ತದೆ. ಪ್ರೋಗ್ರಾಂ ಓಡಬೇಕಾದರೆ, ಕೆಲಸ ಮಾಡುವಾಗ ಲೆಕ್ಕ ಇಟ್ಟುಕೊಳ್ಳುವ ಮೆಮೊರಿ, ಅಂದರೆ ರ‍್ಯಾಮ್ ಬೇಕು. ಆದರೆ ರ‍್ಯಾಮ್ ತಾನಾಗಿ ಎದ್ದು ಕೂರುವುದಿಲ್ಲ. ಅದು ಎಷ್ಟು ದೊಡ್ಡದು, ಎಷ್ಟು ವೇಗದ್ದು ಅಂತ ಓದಿ, ಅದಕ್ಕೆ ಹೊಂದುವ ಹಾಗೆ ತಾಳ ಕೂಡಿಸಬೇಕು. ಆ ಕೆಲಸ ಮಾಡುವ ಪ್ರೋಗ್ರಾಂಗೇ ಇನ್ನೂ ರ‍್ಯಾಮ್ ಇಲ್ಲ! ಹಾಗಾಗಿ ಪ್ರೊಸೆಸರಿನ ಒಳಗಿರುವ ಕ್ಯಾಶ್ ಅನ್ನೋ ಪುಟ್ಟ ಜಾಗವನ್ನೇ ಸ್ವಲ್ಪ ಹೊತ್ತು ರ‍್ಯಾಮ್ ಥರ ಬಳಸಿಕೊಂಡು, ಅದರ ಮೇಲೆ ನಿಂತು ನಿಜವಾದ ರ‍್ಯಾಮನ್ನು ಎಬ್ಬಿಸುತ್ತದೆ.

ನಮ್ಮ ಕಂಪ್ಯೂಟರ್ ನಿಂತಿದ್ದು ಇಲ್ಲೇ. ಬೀಪಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಈ ಬೋರ್ಡಿನಲ್ಲಿ ಉದ್ದ ಬೀಪ್ ಮತ್ತೆ ಮತ್ತೆ ಬಂದರೆ ರ‍್ಯಾಮ್ ಸಿಗಲಿಲ್ಲ ಅಂತ. ಪ್ಲಗ್ ಕಿತ್ತೆವು. ಮೈಮೇಲಿನ ಸ್ಟ್ಯಾಟಿಕ್ ಚಾರ್ಜ್ ಹೋಗಲಿ ಅಂತ ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿದೆವು. ರ‍್ಯಾಮ್ ಪಟ್ಟಿ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅವಳು ಮೆಲ್ಲಗೆ ಉಜ್ಜಿದಳು. ರಬ್ಬರಿಗೆ ಕಪ್ಪು ಅಂಟಿತು. ಆ ಹಲ್ಲಿನ ಮೇಲಿನ ಲೇಪ ತೀರ ತೆಳು. ಜೋರಾಗಿ, ದಿನಾ ಉಜ್ಜಿದರೆ ಸವೆದುಹೋಗುತ್ತದೆ. ಯಾವಾಗಲೋ ಒಮ್ಮೆ ಸಾಕು. ಮತ್ತೆ ಕೂರಿಸಿ ಸ್ವಿಚ್ ಒತ್ತಿದೆವು. ಒಂದೇ ಒಂದು ಚಿಕ್ಕ ಬೀಪ್. ಸ್ಕ್ರೀನಲ್ಲಿ ಅಕ್ಷರ ಬಂತು. ಅವಳು ಮಹಡಿಯಿಂದಲೇ ಕೂಗಿ ಕೆಳಗಿದ್ದವರಿಗೆ ಹೇಳಿದಳು.

ಆದರೆ ತಾರೀಖು 2009ರ ಜನವರಿ 1 ಅಂತ ತೋರಿಸುತ್ತಿತ್ತು. ಅಂದರೆ ಬೋರ್ಡಿನ ಮೇಲಿನ ಗುಂಡು ಸೆಲ್ ಖಾಲಿ. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಗಡಿಯಾರ ಓಡಿಸುವುದು ಆ ಸೆಲ್. ಅದರ ಹೆಸರು ಸಿಆರ್2032. ಹೆಸರಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ದೇವರಾಜ ಮಾರುಕಟ್ಟೆ ಹತ್ತಿರ ಒಂದು ವಾಚ್ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ವಾಚಿನ ಅಂಗಡಿಯಲ್ಲಿ ತಂದದ್ದೂ ಸರಿಯಾಗಿಯೇ ಇತ್ತು. ಯಾಕೆಂದರೆ ಅನೇಕ ಬೋರ್ಡುಗಳಲ್ಲಿ, ಇದರಲ್ಲೂ, ಸೆಲ್ಲಿನ ಆಸುಪಾಸಲ್ಲಿ ಭತ್ತದ ಕಾಳಿನಷ್ಟು ಬೆಳ್ಳಿ ಬಣ್ಣದ ಒಂದು ಕೊಳವೆ ಇರುತ್ತದೆ. ಅದರೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಕೈಗಡಿಯಾರದಲ್ಲೂ ಅದೇ ಹರಳು, ಅದೇ ಸಂಖ್ಯೆ.

"ಅದೇನು ಮಾಮ, 30,000 ಇದ್ದಿದ್ರೆ ಆಗ್ತಿರ್ಲಿಲ್ವಾ?"

ಒಂದು ಹಾಳೆ ಕೊಟ್ಟು, 32,768ನ್ನು ಅರ್ಧ ಮಾಡುತ್ತಾ ಹೋಗು ಅಂದೆ. 16,384. 8,192. 4,096. ಹದಿನೈದನೇ ಸಲಕ್ಕೆ ಸರಿಯಾಗಿ 1 ಬಂತು. ಮಧ್ಯೆ ಎಲ್ಲೂ ಶೇಷ ಇಲ್ಲ. ಎರಡು ಏಟಿಗೆ ಒಂದು ಏಟು ಕೊಡುವ ಸರ್ಕ್ಯೂಟ್ ಮಾಡುವುದು ತುಂಬ ಸುಲಭ. ಅಂಥ ಹದಿನೈದು ಸರ್ಕ್ಯೂಟನ್ನು ಸಾಲಾಗಿ ಜೋಡಿಸಿದರೆ ಕೊನೆಯಲ್ಲಿ ಸೆಕೆಂಡಿಗೆ ಒಂದು ಏಟು ಸಿಗುತ್ತದೆ. ಅದೇ ಟಿಕ್ ಟಿಕ್.

ಸುಮ್ನೆ ತಾರೀಖು ತಪ್ಪಿದರೆ ಏನು ಮಹಾ ಅನ್ನಿಸಬಹುದು. ಆದರೆ ಸುರಕ್ಷಿತ ವೆಬ್‌ಸೈಟುಗಳ ಸರ್ಟಿಫಿಕೇಟಿಗೆ ಶುರುವಿನ ದಿನ, ಮುಗಿಯುವ ದಿನ ಅಂತ ಇರುತ್ತದೆ. 2009ರಲ್ಲಿ ಕೂತ ಬ್ರೌಸರಿನ ಲೆಕ್ಕದಲ್ಲಿ ಈಗಿನ ಸರ್ಟಿಫಿಕೇಟುಗಳು ಇನ್ನೂ ಹುಟ್ಟೇ ಇಲ್ಲ. ಬ್ಯಾಂಕಿನ ಪುಟ ತೆರೆಯುತ್ತಿಲ್ಲ, ನೆಟ್ ಸರಿಯಿಲ್ಲ ಅಂತ ನನಗೆ ಫೋನ್ ಮಾಡಿದ ಒಬ್ಬರ ಮನೆಯಲ್ಲಿ ಕೊನೆಗೆ ಬದಲಾಯಿಸಬೇಕಾಗಿ ಬಂದದ್ದು ಇದೇ ಗುಂಡು ಸೆಲ್ಲನ್ನು.

ಹಳೇ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಿತ್ತು. ಅದನ್ನು ತೆಗೆದು, ಪೆಟ್ಟಿಗೆಯಲ್ಲಿದ್ದ ಒಂದು ಖಾಲಿ ಎಸ್‌ಎಸ್‌ಡಿ ಹಾಕಿದೆ. ಸ್ವಿಚ್ ಒತ್ತಿದಾಗ ಸ್ಕ್ರೀನಲ್ಲಿ ಡಿಎಚ್‌ಸಿಪಿ ಅಂತ ಬಂದು, ಪಕ್ಕದಲ್ಲಿ ಚುಕ್ಕಿಗಳು ಒಂದೊಂದಾಗಿ ಮೂಡತೊಡಗಿದವು.

"ಏನು ಹುಡುಕ್ತಿದೆ ಮಾಮ?"

ಬಯೋಸ್ ಮೊದಲು ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ ಓದಿತ್ತು. ಸೆಕ್ಟರ್ ಅಂದರೆ ಡಿಸ್ಕನ್ನು ಭಾಗ ಮಾಡಿದ ಒಂದು ಸಣ್ಣ ತುಂಡು, ಬರೀ 512 ಬೈಟ್. ಕೊನೆಯ ಎರಡು ಬೈಟಲ್ಲಿ 55 ಮತ್ತು ಎಎ ಅನ್ನುವ ಗುರುತಿದ್ದರೆ ಮಾತ್ರ ಅದನ್ನು ನಂಬಿ ಮುಂದಿನ ಕೆಲಸ ಒಪ್ಪಿಸುತ್ತದೆ. ಖಾಲಿ ಡಿಸ್ಕಿನಲ್ಲಿ ಬರೀ ಸೊನ್ನೆ. ಹಾಗಾಗಿ ಅದನ್ನು ಬಿಟ್ಟು ಮುಂದಿನ ದಾರಿ ಹಿಡಿದಿತ್ತು: ನೆಟ್‌ವರ್ಕಿನಿಂದ ಬೂಟ್ ಆಗುವ ದಾರಿ. ಪಿಎಕ್ಸ್‌ಇ ಅಂತ ಇದರ ಹೆಸರು. 1990ರ ದಶಕದ ಕೊನೆಯಲ್ಲಿ ಇಂಟೆಲ್ ರೂಪಿಸಿದ್ದು.

ಆಗ ಕಂಪ್ಯೂಟರಿಗೆ ತನ್ನದೇ ವಿಳಾಸ ಗೊತ್ತಿಲ್ಲ, ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ. ಹಾಗಾಗಿ ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತದೆ. ಹೀಗೆ ವಿಳಾಸ ಕೇಳಿ ಪಡೆಯುವ ಪದ್ಧತಿಯೇ ಸ್ಕ್ರೀನಲ್ಲಿ ಕಂಡ ಡಿಎಚ್‌ಸಿಪಿ. ಕಳಿಸಿದವರು 0.0.0.0, ಅಂದರೆ ಇನ್ನೂ ಹೆಸರಿಡದವರು. ತಲುಪಬೇಕಾದವರು 255.255.255.255, ಅಂದರೆ ಕೇಳಿಸಿಕೊಂಡವರೆಲ್ಲ. ಇದಕ್ಕೆ ಬ್ರಾಡ್‌ಕಾಸ್ಟ್ ಅನ್ನುತ್ತಾರೆ. ರೇಡಿಯೋದವರು ಬಳಸುವ ಅದೇ ಪದ. ಆ ಪದಕ್ಕೂ ಮೈಸೂರಿಗೂ ಹಳೇ ನಂಟಿದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಆ ಮನೆಯ ರೇಡಿಯೋದ್ದು. ಮುಂದೆ ಅದೇ ಇಡೀ ದೇಶದ ರೇಡಿಯೋಗೆ ಹೆಸರಾಯಿತು. ಮನೆಯಲ್ಲಿ ಕೂತು ಯಂತ್ರ ಬಿಚ್ಚುವವರನ್ನು ಕಂಡಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ನಮ್ಮ ಕಂಪ್ಯೂಟರಿನ ಕೂಗು ಕೆಳಗಿನ ರೂಟರಿಗೆ ಕೇಳಿಸಿತು. ರೂಟರ್ ಒಂದು ವಿಳಾಸ ಕೊಟ್ಟಿತು. ಅಷ್ಟಕ್ಕೇ ಮತ್ತೆ ನಿಂತಿತು. ಪಿಎಕ್ಸ್‌ಇ-ಇ53, ಬೂಟ್ ಫೈಲಿನ ಹೆಸರು ಬಂದಿಲ್ಲ ಅಂತ ಸ್ಕ್ರೀನಲ್ಲಿ ಬಂತು. ಎಷ್ಟು ಸ್ಪಷ್ಟ ನೋಡಿ! ಇರುವ ಜಾಗ ಹೇಳಿದರು, ಮುಂದಿನ ಅರಳಿಕಟ್ಟೆ ಯಾವುದು ಅಂತ ಹೇಳಲಿಲ್ಲ.

ಪೆನ್ ಡ್ರೈವ್ ಹಾಕಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಅವಳು ಬಿಡಲಿಲ್ಲ. ನೆಟ್‌ವರ್ಕಿನಿಂದಲೇ ಆಗಬೇಕು ಅಂದಳು. ನನ್ನ ಹತ್ತಿರ ಓಪನ್‌ಡಬ್ಲ್ಯೂಆರ್‌ಟಿ ಹಾಕಿದ ಒಂದು ಹಳೇ ರೂಟರ್ ಇತ್ತು. ಲಿಂಕ್‌ಸಿಸ್ ಕಂಪನಿಯ ಒಂದು ರೂಟರಿನೊಳಗೆ ಇರುವುದು ಲಿನಕ್ಸ್ ಅಂತ ಜನ ಪತ್ತೆ ಹಚ್ಚಿದ್ದರಿಂದ, ಲಿನಕ್ಸಿನ ಲೈಸೆನ್ಸ್ ಪ್ರಕಾರ ಕಂಪನಿ 2003ರಲ್ಲಿ ಅದರ ಕೋಡ್ ಕೊಡಬೇಕಾಯಿತು. ಆ ಕೋಡಿನ ಮೇಲೆ 2004ರಲ್ಲಿ ಹವ್ಯಾಸಿಗಳು ಕಟ್ಟಿದ್ದೇ ಓಪನ್‌ಡಬ್ಲ್ಯೂಆರ್‌ಟಿ. ಅದನ್ನು ಹಾಕಿದರೆ ರೂಟರ್ ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರ್ ಆಗುತ್ತದೆ. ವಿಳಾಸದ ಜೊತೆ ಫೈಲಿನ ಹೆಸರನ್ನೂ ಹೇಳು ಅಂತ ಅದಕ್ಕೆ ಕಲಿಸಿದೆವು. ಲಿನಕ್ಸ್ ಹಾಕುವ ಫೈಲುಗಳನ್ನು ಅದರ ಯುಎಸ್‌ಬಿಗೆ ಸೇರಿಸಿದೆವು. ಫೈಲ್ ತಲುಪಿಸುವ ಕೆಲಸ ಟಿಎಫ್‌ಟಿಪಿಯದು. ಮೂಲ ರೂಪದಲ್ಲಿ ಅದು ಒಂದು ಸಲಕ್ಕೆ 512 ಬೈಟ್ ಕಳಿಸಿ, "ಸಿಕ್ಕಿತು" ಅಂತ ಉತ್ತರ ಬರುವ ತನಕ ಕಾಯುತ್ತದೆ. ಆಮೇಲೆ ಮುಂದಿನ 512. ಬುದ್ಧಿ ಕಮ್ಮಿ, ಆದರೆ ಅಷ್ಟು ಸರಳವಾಗಿರುವುದರಿಂದಲೇ ನೆಟ್‌ವರ್ಕ್ ಕಾರ್ಡಿನ ಚಿಕ್ಕ ಚಿಪ್ಪಿನಲ್ಲಿ ಹಿಡಿಸುತ್ತದೆ.

ಸಂಜೆ ಏಳರ ಹೊತ್ತಿಗೆ ಖಾಲಿ ಡಿಸ್ಕಿನ ಕಂಪ್ಯೂಟರಿನಲ್ಲಿ ಲಿನಕ್ಸ್ ಕಾಣಿಸಿತು. ಡಿಸ್ಕಿಗೆ ಅದನ್ನು ಹಾಕಿ ಮುಗಿಸಿದ ಮೇಲೆ ಮೊದಲ ಸೆಕ್ಟರನ್ನು ತೆಗೆದು ನೋಡಿದೆವು. ಓದುವುದಕ್ಕೆ ಮಾತ್ರ. ಅಲ್ಲಿ ಬರೆಯುವಾಗ ಒಂದು ಅಕ್ಷರ ತಪ್ಪಿದರೂ ಡಿಸ್ಕಿನಿಂದ ಬೂಟ್ ಆಗದೆ ಹೋಗಬಹುದು. ಸಾಲು ಸಾಲು ಅಂಕಿಗಳ ತುದಿಯಲ್ಲಿ, ಬೆಳಗ್ಗೆ ಸೊನ್ನೆ ಇದ್ದ ಜಾಗದಲ್ಲಿ 55 ಎಎ ಕೂತಿತ್ತು. ಬಿಡಿಸಿ ಬರೆದರೆ 01010101, 10101010. ಅವಳು ಅದರ ಮೇಲೆ ಬೆರಳಿಟ್ಟು ನೋಡಿದಳು.

ಆ 512 ಬೈಟಿನಲ್ಲಿ ಪ್ರೋಗ್ರಾಮಿಗೆ ಸಿಗುವುದು 446 ಮಾತ್ರ. ಇದು ಎಷ್ಟು ಚಿಕ್ಕದು ಅಂದರೆ, ಕಂಪ್ಯೂಟರಿನಲ್ಲಿ "ಮೈಸೂರು" ಅನ್ನುವ ಪದ 18 ಬೈಟ್ ತಗೊಳ್ಳುತ್ತದೆ. ಇಪ್ಪತ್ನಾಲ್ಕು ಸಲ ಮೈಸೂರು ಅಂತ ಬರೆದರೆ ಜಾಗ ಹೆಚ್ಚೂ ಕಮ್ಮಿ ಖಾಲಿ. ಮುಂದಿನ 64 ಬೈಟಿನಲ್ಲಿ ಡಿಸ್ಕಿನ ಭಾಗಗಳ ಪಟ್ಟಿ, ಒಂದಕ್ಕೆ 16ರಂತೆ ನಾಲ್ಕೇ ಭಾಗ. 1983ರ ಹೊತ್ತಿಗೆ ಬಂದ ಏರ್ಪಾಡು ಇದು. ಸೆಕ್ಟರ್ ಎಣಿಸಲು ಅದರಲ್ಲಿ 32 ಬಿಟ್ ಇಟ್ಟರು. ಆಗ ಅದು ಅಪಾರ. ಆದರೆ 32 ಬಿಟ್ಟಿನಲ್ಲಿ ಎಣಿಸಲು ಆಗುವ ಸೆಕ್ಟರುಗಳನ್ನು 512ರಿಂದ ಗುಣಿಸಿದರೆ 2.2 ಟಿಬಿಗೆ ಲೆಕ್ಕ ಮುಗಿಯುತ್ತದೆ. ಇವತ್ತು 4 ಟಿಬಿ ಡಿಸ್ಕ್ ಮಾಮೂಲಿ. ಹೊಸ ಕಂಪ್ಯೂಟರುಗಳು ಬಯೋಸ್ ಮತ್ತು ಈ ಪಟ್ಟಿಯ ಬದಲು ಬಂದ ಯುಇಎಫ್‌ಐ, ಜಿಪಿಟಿ ಕಡೆ ಹೋಗಲು ಇದೂ ಒಂದು ಕಾರಣ.

ಎಲ್ಲ ಆಯಿತು, ಆದರೆ ಫೈಲ್ ಕಾಪಿ ಆಗುವಾಗ ನೆಟ್ ನಿಧಾನ ಅನ್ನಿಸಿತ್ತು. ನೋಡಿದರೆ ನೆಟ್‌ವರ್ಕ್ ಕಾರ್ಡ್ ಸೆಕೆಂಡಿಗೆ 1000 ಮೆಗಾಬಿಟ್ ವೇಗದ್ದು, ಲಿಂಕ್ 100ರಲ್ಲಿ ನಿಂತಿತ್ತು. ಕೆಳಗಿನಿಂದ ಬಂದ ಕೇಬಲಿಗೆ ಟೆಸ್ಟರ್ ಹಾಕಿದೆವು. ಒಂದು, ಎರಡು, ಮೂರು ಅಂತ ದೀಪ ಹತ್ತುತ್ತಾ ಹೋಗಿ ಏಳನೆಯದು ಹತ್ತಲೇ ಇಲ್ಲ. ಕಿಟಕಿ ಚೌಕಟ್ಟಿನ ಹತ್ತಿರ ಕೇಬಲ್ ಮುರಿದ ಹಾಗೆ ಬಾಗಿತ್ತು. ಒಳಗಿನ ಎಂಟು ತಂತಿಯಲ್ಲಿ 100ರ ವೇಗಕ್ಕೆ 1, 2, 3, 6 ಸಾಕು. 1000ಕ್ಕೆ ಎಂಟೂ ಬೇಕು. ಏಳನೆಯದು ತುಂಡಾದಾಗ ಈ ಕಾರ್ಡ್ ಪೂರ್ತಿ ನಿಲ್ಲದೆ ಕೆಳಗಿನ ವೇಗಕ್ಕೆ ಇಳಿದು ಕೆಲಸ ನಡೆಸಿತ್ತು.

ಕೇಬಲಿನ ಸಿಪ್ಪೆ ಸುಲಿದಾಗ ಅವಳ ಕಣ್ಣಿಗೆ ಬಿದ್ದದ್ದು ಜಡೆಯಂಥ ಹೆಣಿಗೆ. ಎರಡೆರಡು ತಂತಿ ಸುತ್ತಿಕೊಂಡ ನಾಲ್ಕು ಜೋಡಿ. ಒಂದೊಂದು ಜೋಡಿಯ ಸುತ್ತು ಒಂದೊಂದು ಬಿಗಿ. 1881ರಲ್ಲೇ ಟೆಲಿಫೋನಿನ ಗ್ರಹಾಂ ಬೆಲ್ ಈ ಉಪಾಯಕ್ಕೆ ಪೇಟೆಂಟ್ ತಗೊಂಡಿದ್ದ. ಜೋಡಿಯ ಒಂದು ತಂತಿಯಲ್ಲಿ +1, ಇನ್ನೊಂದರಲ್ಲಿ -1 ಕಳಿಸುತ್ತೇವೆ ಅಂದುಕೊಳ್ಳಿ. ದಾರಿಯಲ್ಲಿ ಮಿಕ್ಸಿಯೋ ಮೋಟರೋ 5ರಷ್ಟು ಗದ್ದಲ ಸೇರಿಸಿತು. ಸುತ್ತಿಕೊಂಡಿರುವುದರಿಂದ ಎರಡಕ್ಕೂ ಸಮನಾಗಿ ಸೇರುತ್ತದೆ. ಆ ತುದಿಗೆ ಬರುವುದು 6 ಮತ್ತು 4. ಒಂದರಿಂದ ಇನ್ನೊಂದನ್ನು ಕಳೆದರೆ 2. ಗದ್ದಲವೇ ಇಲ್ಲದಿದ್ದರೂ 2 ಬರುತ್ತಿತ್ತು! ಸುತ್ತು ಬಿಚ್ಚಿದಷ್ಟೂ ಈ ಲಾಭ ಹೋಗುತ್ತದೆ. ಅದಕ್ಕೇ ಕನೆಕ್ಟರ್ ಹಾಕುವಾಗ ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು. ಮುರಿದ ತುಂಡನ್ನು ಕತ್ತರಿಸಿ ಹಾಕಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಅವಳೇ ಜೋಡಿಸಿ ಕ್ರಿಂಪ್ ಮಾಡಿದಳು. ಮೂರನೇ ಪ್ರಯತ್ನಕ್ಕೆ ಎಂಟು ದೀಪವೂ ಹತ್ತಿದವು.

ಈಗ ಕೆಳಗೆ ಸೋಫಾದಲ್ಲಿ ಕೂತು ಫೋನಿನಿಂದಲೇ ಮೇಲಿನ ಕಂಪ್ಯೂಟರನ್ನು ಎಬ್ಬಿಸುತ್ತಾಳೆ. ಆಫ್ ಮಾಡಿದ ಮೇಲೂ ನೆಟ್‌ವರ್ಕ್ ಕಾರ್ಡಿಗೆ ಒಂದಿಷ್ಟು ಕರೆಂಟ್ ಬರುತ್ತಿರುತ್ತದೆ. ಎಫ್‌ಎಫ್ ಅನ್ನುವ ಬೈಟ್ ಆರು ಸಲ, ಆಮೇಲೆ ಆ ಕಾರ್ಡಿನ ಆರು ಬೈಟಿನ ಸ್ವಂತ ನಂಬರ್ ಹದಿನಾರು ಸಲ, ಒಟ್ಟು 102 ಬೈಟ್ ಕೇಳಿಸಿದರೆ ಕಾರ್ಡ್ ಎದ್ದು ಉಳಿದವರನ್ನು ಎಬ್ಬಿಸುತ್ತದೆ. ಮಲಗಿದವರನ್ನು ಹೆಸರು ಹಿಡಿದು ಹದಿನಾರು ಸಲ ಕೂಗಿದ ಹಾಗೆ.

ಒಂದು ಎಚ್ಚರ ಮಾತ್ರ ಹೇಳಿದ್ದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಬಿಸಿಲು ಸಂಜೆಗೆ ಗುಡುಗು ಮಳೆಯಾಗುತ್ತದೆ. ಸಿಡಿಲು ಮನೆಗೇ ಬಡಿಯಬೇಕಿಲ್ಲ. ಹತ್ತಿರ ಬಿದ್ದರೂ ಉದ್ದನೆಯ ತಾಮ್ರದ ತಂತಿಯಲ್ಲಿ ಕ್ಷಣಕಾಲ ಜೋರು ವೋಲ್ಟೇಜ್ ಹುಟ್ಟುತ್ತದೆ. ಮನೆಗೆ ಫೈಬರ್ ಬಂದಿದೆ, ಭಯವಿಲ್ಲ ಅಂದುಕೊಳ್ಳುತ್ತೇವೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ರೂಟರಿನ ಅಡಾಪ್ಟರ್ ತಂತಿ ತಾಮ್ರದ್ದೇ, ಮಹಡಿಗೆ ಹೋದ ಲ್ಯಾನ್ ಕೇಬಲೂ ತಾಮ್ರದ್ದೇ. ಎರಡು ವರ್ಷದ ಹಿಂದೆ ಹೀಗೇ ನನ್ನ ರೂಟರಿನ ಒಂದು ಪೋರ್ಟ್ ಹೋಯಿತು. ಪವರ್ ಪ್ಲಗ್ ಕಿತ್ತಿದ್ದೆ, ಕೇಬಲ್ ಹಾಗೇ ಬಿಟ್ಟಿದ್ದೆ.

ನಿನ್ನೆ ರಾತ್ರಿ ಚಾಮುಂಡಿ ಬೆಟ್ಟದ ಕಡೆಯಿಂದ ಗುಡುಗು ಶುರುವಾಯಿತು. ನಾನು ಎದ್ದು ಮಹಡಿ ಹತ್ತುವಷ್ಟರಲ್ಲಿ ಅವಳು ಟಾರ್ಚ್ ಹಿಡಿದು ಇಳಿದು ಬರುತ್ತಿದ್ದಳು.

"ಎರಡೂ ಕಿತ್ತಿದ್ದೀನಿ ಮಾಮ" ಅಂದಳು.