ಹನ್ನೆರಡರಲ್ಲಿ ಸೊನ್ನೆ

"ಡಾಕ್ಟ್ರೇ, ಗಡ್ಡಿ ಒಂದ ಐತಿ ಅಂದಿದ್ರಿ. ರಿಪೋರ್ಟಿನಾಗ ಹನ್ನೆರಡು ಗಂಟು ಅಂತ ಬರದಾರ. ಅಪ್ಪಗ ಅಷ್ಟೂ ಕಡೆ ಹಬ್ಬೇತೇನ್ರಿ?"

ಸಂಡೂರು ಕಡೆ ಅದಿರು ಲಾರಿ ಓಡಿಸುತ್ತಿದ್ದ ಹಿರಿಯರೊಬ್ಬರ ಮಗ ಬಳ್ಳಾರಿಯ ನಮ್ಮ ಒಪಿಡಿಯಲ್ಲಿ ಕೇಳಿದ್ದು. ಕ್ಯಾನ್ಸರ್ ಗಡ್ಡೆಯಿದ್ದ ಅವರ ಬಲ ಶ್ವಾಸಕೋಶದ ಮೇಲಿನ ಹಾಲೆ, ಅಂದರೆ ಮೇಲಿನ ಭಾಗ, ತೆಗೆದು ಹತ್ತು ದಿನವಾಗಿತ್ತು. ರಿಪೋರ್ಟಿನಲ್ಲಿದ್ದದ್ದು '0/12'. ಹನ್ನೆರಡು ಗಂಟು ತೆಗೆದು ನೋಡಿದರು, ಒಂದರಲ್ಲೂ ಕ್ಯಾನ್ಸರ್ ಇಲ್ಲ. ಸೊನ್ನೆ ಕಾಣದೆ ಹುಡುಗ ಮೂರು ರಾತ್ರಿ ನಿದ್ದೆಗೆಟ್ಟಿದ್ದ.

ಈ ಗಂಟುಗಳು ದುಗ್ಧಗ್ರಂಥಿಗಳು, ಇಂಗ್ಲಿಷಿನಲ್ಲಿ ಲಿಂಫ್ ನೋಡ್. ಎಲ್ಲರ ಎದೆಯಲ್ಲೂ ಇರುತ್ತವೆ. ಗಡ್ಡೆಯಿಂದ ಹೊರಟ ಕ್ಯಾನ್ಸರ್ ಕಣ ಸಾಮಾನ್ಯವಾಗಿ ಮೊದಲು ತಂಗುವುದು ಅಲ್ಲಿ. ಅವಿರುವ ಜಾಗಗಳನ್ನು ನಾವು ಸ್ಟೇಷನ್ ಎಂದೇ ಕರೆಯುತ್ತೇವೆ, ನಂಬರೂ ಉಂಟು: ಶ್ವಾಸನಾಳದ ಬಲಕ್ಕೆ 4ಆರ್, ನಾಳ ಕವಲೊಡೆಯುವಲ್ಲಿ 7. ಬಿಡಿಸುವಾಗ ಒಂದೇ ಗಂಟು ಮೂರು ಚೂರಾಗಿ ಮೂರೆಂದು ಲೆಕ್ಕಕ್ಕೆ ಬರಬಹುದು. ಹಾಗಾಗಿ ಎಷ್ಟು ತೆಗೆದರು ಅನ್ನುವುದಕ್ಕಿಂತ ಎಲ್ಲೆಲ್ಲಿಂದ ತೆಗೆದರು ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್‌ನ ಕ್ಯಾನ್ಸರ್ ಆಯೋಗ ಕೇಳುವುದೂ ಅದನ್ನೇ: ಎದೆಯ ನಡುಭಾಗದ ಕನಿಷ್ಠ ಮೂರು ಸ್ಟೇಷನ್, ಶ್ವಾಸಕೋಶದ ಬುಡದ್ದೊಂದು.

ನಮ್ಮ ಕಡೆ ಇದು ಪುಸ್ತಕದಷ್ಟು ಸಲೀಸಲ್ಲ. ಬೀಡಿ ಹೊಗೆಗೆ, ದೂಳಿಗೆ ಗಂಟು ಇದ್ದಿಲಿನಂತೆ ಕಪ್ಪಗಾಗಿರುತ್ತದೆ. ಹಳೆಯ ಟಿಬಿ ಇದ್ದರಂತೂ ರಕ್ತನಾಳಕ್ಕೆ ಹುಣಸೆಹಣ್ಣಿನಂತೆ ಅಂಟಿಕೊಂಡು, ಒಳಗೆ ಸುಣ್ಣಗಟ್ಟಿ, ಕತ್ತರಿಗೆ ಕರಕರ ಅನ್ನುತ್ತದೆ. ಚುರುಕಾದ ಜೀವಕೋಶ ಹೊಳೆದು ಕಾಣುವ ಪೆಟ್ ಸ್ಕ್ಯಾನಿನಲ್ಲಿ ಟಿಬಿ ಗಂಟೂ ಕ್ಯಾನ್ಸರ್ ಗಂಟಿನಂತೆಯೇ ಹೊಳೆಯಬಹುದು. ಹೊಳಪು ನೋಡಿ "ಹಬ್ಬಿದೆ, ಆಪರೇಷನ್ ಬೇಡ" ಎಂದು ಕಳಿಸುವ ಮೊದಲು ಸೂಜಿ ಹಾಕಿ ಪರೀಕ್ಷಿಸಲೇಬೇಕು.

ಹೆಚ್ಚು ಗಂಟು ತೆಗೆದರೆ ಹೆಚ್ಚು ವರ್ಷ ಬದುಕುತ್ತಾರೆಯೇ? ಆಸ್ಪತ್ರೆ ದಾಖಲೆಗಳನ್ನು ಒಟ್ಟುಹಾಕಿದ ಎಷ್ಟೋ ಅಧ್ಯಯನಗಳಲ್ಲಿ ಹಾಗೆ ಕಾಣುತ್ತದೆ. ಆದರೆ ಮೊರದಲ್ಲಿ ಕೇರಿ ಕಲ್ಲು ಆರಿಸಿದ ಮೇಲೆ ಉಳಿದ ಜೋಳ ಹಸನಾಗಿ ಕಾಣುತ್ತದೆ, ಜೋಳವೇನೂ ಬದಲಾಗಿರುವುದಿಲ್ಲ. ಚೆನ್ನಾಗಿ ಹುಡುಕಿದ ಕಡೆ ಅಡಗಿದ್ದ ರೋಗ ಸಿಕ್ಕಿ, ಆ ರೋಗಿಗಳು ಮುಂದಿನ ಹಂತದ ಲೆಕ್ಕಕ್ಕೆ ಹೋಗುತ್ತಾರೆ, ಉಳಿದವರ ಲೆಕ್ಕ ಚೆನ್ನಾಗಿ ಕಾಣುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಜಡ್0030 ಪ್ರಯೋಗದಲ್ಲಿ 1,023 ಜನರನ್ನು ಹೋಲಿಸಿದರು. ಎಲ್ಲರಿಗೂ ಮೊದಲು ಕ್ರಮವಾಗಿ ಕೆಲವು ಗಂಟುಗಳ ಮಾದರಿ ತೆಗೆದು, ರೋಗ ಹಬ್ಬಿಲ್ಲವೆಂದಾದ ಮೇಲೆ ಅರ್ಧ ಜನರಿಗೆ ಉಳಿದ ಗಂಟುಗಳನ್ನೂ ಪೂರ್ತಿ ಬಳಿದು ತೆಗೆದರು. ಆಯಸ್ಸಿನಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಪೂರ್ತಿ ತೆಗೆದವರಲ್ಲಿ ಸುಮಾರು 4% ಜನರಿಗೆ ಮಾದರಿಗೆ ಸಿಗದ ರೋಗ ಸಿಕ್ಕಿತು.

ಆ ಪತ್ತೆಯ ಬೆಲೆ ಈಗ ಹೆಚ್ಚಿದೆ. ಗಂಟಿನಲ್ಲಿ ರೋಗವಿದ್ದರೆ ಕೀಮೋ ಮಾತು ಬರುತ್ತದೆ. ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಇದ್ದವರಿಗೆ ಒಸಿಮರ್ಟಿನಿಬ್ ಮಾತ್ರೆ. ಅಂಥ ಬದಲಾವಣೆಯಿದ್ದು ಆಪರೇಷನ್ ಆದವರಲ್ಲಿ ಆ ಮಾತ್ರೆ ಪಡೆದ 88% ಜನ ಐದು ವರ್ಷ ಬದುಕಿದ್ದರು, ಪಡೆಯದವರಲ್ಲಿ 78%.

ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಪೆನ್ನಿನಿಂದ ಸೊನ್ನೆಗೆ ಸುತ್ತು ಹಾಕಿ ಕೊಟ್ಟೆ. ಡಿಸ್ಚಾರ್ಜ್ ಕಾರ್ಡಿನ ಜೊತೆ ಆ ಹಾಳೆಗೂ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಿದ್ದಾನೆ, ಮುಂದಿನ ಸಲ ಸಹಿ ಹಾಕಲು ಜಾಗವೇ ಇಲ್ಲ.