ಮುತ್ಯಾನ ಎದೆಯೊಳಗೆ ಬೂದಿ ಮುಚ್ಚಿದ ಕೆಂಡ

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಕಳೆದ ಮೇಲೆ ಕೋವಿಡ್ ಎಂದು ಖಚಿತವಾಯಿತು. ದೇಶದ ಮೊದಲ ಕೋವಿಡ್ ಸಾವು ನಮ್ಮೂರಿನವರದ್ದು. ಆಮೇಲೆ ಮನೆಮನೆಯಲ್ಲೂ ಅದೇ ಪ್ರಶ್ನೆ. ಒಂದೇ ಮನೆ, ಒಂದೇ ವೈರಸ್. ಮೊಮ್ಮಗನಿಗೆ ಎರಡು ದಿನದ ನೆಗಡಿ, ಮುತ್ಯಾನಿಗೆ ಮಾತ್ರ ಯಾಕೆ ಆಕ್ಸಿಜನ್? 'ವಯಸ್ಸಾಗ್ಯದ, ಶಕ್ತಿ ಇಲ್ಲ' ಅಂದುಕೊಂಡೆವು. ಅದು ಅರ್ಧ ಉತ್ತರ.

ಆ ಅರ್ಧ ಉತ್ತರಕ್ಕೂ ದೊಡ್ಡ ಇತಿಹಾಸವಿದೆ. ರೋಗಾಣುಗಳನ್ನು ನುಂಗುವ ಜೀವಕೋಶಗಳ ವಿಚಾರವನ್ನು 1882ರಲ್ಲೇ ವಿಜ್ಞಾನಿ ಮೆಚ್ನಿಕಾಫ್ ಮುಂದಿಟ್ಟಿದ್ದರು. 1961ರಲ್ಲಿ ಇನ್ನೊಬ್ಬ ವಿಜ್ಞಾನಿ ಜಾಕ್ ಮಿಲ್ಲರ್ ಎದೆಯೊಳಗಿನ ಥೈಮಸ್ ಗ್ರಂಥಿಯ ಕೆಲಸ ತೋರಿಸಿದರು. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಪಳಗುವುದು ಅಲ್ಲಿಯೇ. ಹರೆಯ ದಾಟಿದಂತೆ ಅದು ಕುಗ್ಗಿ ಕೊಬ್ಬಾಗುತ್ತದೆ. ಹಾಗಾಗಿ ಮುಪ್ಪು ಎಂದರೆ ಕಾವಲು ಸಡಿಲವಾಗುವುದು ಎಂಬ ಮಾತು ಬೇರೂರಿತು.

2000ರಲ್ಲಿ ಇಟಲಿಯ ಕ್ಲಾಡಿಯೊ ಫ್ರಾಂಚೆಸ್ಕಿ ಮತ್ತು ಜೊತೆಗಾರರು ಇನ್ನೊಂದು ಮುಖ ತೋರಿಸಿದರು. ವಯಸ್ಸಾದ ಮೈಯಲ್ಲಿ ರೋಗವಿಲ್ಲದಾಗಲೂ ಸಣ್ಣ ಉರಿಯೂತ ಇದ್ದೇ ಇರುತ್ತದೆ. ಅದಕ್ಕೆ ಅವರಿಟ್ಟ ಹೆಸರು 'ಇನ್‌ಫ್ಲಮೇಜಿಂಗ್'. ಬೂದಿ ಮುಚ್ಚಿದ ಕೆಂಡ ಅಂದರೆ ನಮಗೆ ಬೇಗ ತಿಳಿಯುತ್ತದೆ, ಅಲ್ವಾ?

ಶ್ವಾಸಕೋಶದಲ್ಲಿ ಈ ಕೆಂಡದ ಕಥೆ ಸ್ವಲ್ಪ ಬೇರೆ. ಅಲ್ಲಿರುವ ಕೋಟಿಗಟ್ಟಲೆ ಗಾಳಿ ಚೀಲಗಳನ್ನು ಮ್ಯಾಕ್ರೋಫೇಜ್ ಎಂಬ ಕೋಶಗಳು ಕಾಯುತ್ತವೆ. ಇವು ರಕ್ತದಿಂದ ಬರುತ್ತಲೇ ಇರುತ್ತವೆ ಎಂದು ಬಹಳ ಕಾಲ ನಂಬಿದ್ದರು. ಹುಟ್ಟಿನ ಹೊತ್ತಿಗೇ ಅಲ್ಲಿ ನೆಲೆಸಿ, ಅಲ್ಲೇ ಮರಿ ಹಾಕುತ್ತಾ ಉಳಿಯುತ್ತವೆ ಎಂದು 2013ರ ಹೊತ್ತಿಗೆ ಇಲಿಗಳಲ್ಲಿ ಗೊತ್ತಾಯಿತು. ಇವಕ್ಕೆ ಎರಡು ಕೆಲಸ. ಒಂದು, ದೂಳು ಮತ್ತು ರೋಗಾಣು ನುಂಗುವುದು. ಇನ್ನೊಂದು ನಮ್ಮ ಗಮನಕ್ಕೆ ಬಾರದ್ದು: ಜಗಳ ಮುಗಿದ ಮೇಲೆ ಸತ್ತ ಕೋಶಗಳನ್ನು ಎತ್ತಿ ಹಾಕಿ ಉರಿ ಆರಿಸುವುದು. ವಯಸ್ಸಾದಂತೆ ಎರಡೂ ನಿಧಾನ.

ಸಹಾಯಕ್ಕೆ ರಕ್ತದಿಂದ ಬರುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳೂ ಮುಪ್ಪಿನಲ್ಲಿ ದಾರಿ ತಪ್ಪುತ್ತವೆ. ಸುತ್ತಾಡುವಾಗ ಅವು ಬಿಡುವ ಕಿಣ್ವಗಳು ಒಳ್ಳೆಯ ಅಂಗಾಂಶವನ್ನೂ ಸುಡುತ್ತವೆ. ವಿಭಜನೆ ನಿಲ್ಲಿಸಿ, ಸಾಯದೆ ಉಳಿದ ಮುದಿ ಕೋಶಗಳು ಐಎಲ್-6ನಂಥ ಉರಿ ಎಬ್ಬಿಸುವ ವಸ್ತು ಸುರಿಸುತ್ತಲೇ ಇರುತ್ತವೆ. ಹೀಗೆ ಹೋರಾಟ ತಡವಾಗಿ ಶುರುವಾಗುತ್ತದೆ, ನಿಲ್ಲುವುದು ಇನ್ನೂ ತಡ.

2020ರ ಜೂನ್‌ನಲ್ಲಿ ಇದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿತು. ಬ್ರಿಟನ್ನಿನ ಪ್ರಯೋಗದಲ್ಲಿ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಔಷಧಿ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದವರ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು. ಅದು ವೈರಸ್ ಕೊಲ್ಲುವ ಔಷಧಿಯಲ್ಲ. ಉರಿಯೂತ ತಗ್ಗಿಸುವ ಹಳೆಯ, ಅಗ್ಗದ ಸ್ಟಿರಾಯ್ಡ್. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಆಗಲಿಲ್ಲ ಎಂಬುದನ್ನೂ ನೆನಪಿಡಬೇಕು. ಸುಮ್ನೆ ಅಂಗಡಿಯಿಂದ ತಂದು ನುಂಗುವ ಮಾತ್ರೆ ಅದಲ್ಲ.

ನಮ್ಮ ಜಿಲ್ಲೆಯ ಎದೆಗಳು ಬರೀ ವಯಸ್ಸು ಹೊತ್ತಿಲ್ಲ. ತೊಗರಿ ರಾಶಿಯ ದೂಳು, ದಾಲ್ ಮಿಲ್ಲಿನ ಹೊಟ್ಟು, ಶಹಾಬಾದ್ ಕಲ್ಲಿನ ಗಣಿ, ವಾಡಿ–ಸೇಡಂ ಕಡೆಯ ಸಿಮೆಂಟು. ಒಲೆ ಮುಂದೆ ಕೂತು ರೊಟ್ಟಿ ಬಡಿದ ಆಯಿಯ ಎದೆಗೆ ಹೊಗೆ. ದೂಳು ನುಂಗಿ ನುಂಗಿ ದಣಿದ ಕಾವಲಿಗೆ ರೋಗಾಣು ಎದುರಿಸುವ ಕಸುವು ಕಡಿಮೆ. ಇದನ್ನೆಲ್ಲ 'ವಯಸ್ಸು' ಎಂಬ ಒಂದೇ ಮಾತಲ್ಲಿ ಮುಗಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಮುಪ್ಪಿನಲ್ಲಿ ನ್ಯುಮೋನಿಯಾ ಬಂದರೂ ಕೆಲವರಿಗೆ ಜ್ವರವೇ ಬರುವುದಿಲ್ಲ. ಊಟ ಬಿಡುತ್ತಾರೆ, ಮಂಕಾಗುತ್ತಾರೆ, ಮಾತು ತಪ್ಪುತ್ತದೆ, ಉಸಿರು ಜೋರಾಗುತ್ತದೆ. ಮೈ ಬಿಸಿ ಇಲ್ಲ ಅಂತ ಮನೆಯವರು ಎರಡು ದಿನ ಕಾಯುತ್ತಾರೆ. ಆ ಎರಡು ದಿನ ಬಹಳ ದುಬಾರಿ.

ನ್ಯುಮೋನಿಯಾ ತರುವ ನ್ಯುಮೋಕಾಕಸ್ ಎಂಬ ರೋಗಾಣುವಿನ ವಿರುದ್ಧದ ಲಸಿಕೆ 2021ರಲ್ಲಿ ದೇಶದ ಎಲ್ಲ ಕೂಸುಗಳಿಗೂ ಉಚಿತವಾಯಿತು. ಒಳ್ಳೆಯ ಕೆಲಸ. ಅದೇ ರೋಗಾಣುವಿಗೆ ಹಿರಿಯರಿಗೂ ಲಸಿಕೆ ಇದೆ. ಆದರೆ ನಲವತ್ತು ವರ್ಷ ರಾಶಿ ಮಾಡಿದ ಮುತ್ಯಾನಿಗೆ ಅದು ಬೇಕೆಂದರೆ ಮನೆಯವರೇ ದುಡ್ಡು ಹೊಂದಿಸಬೇಕು.