ಇಬ್ಬರ ಸೀಟು ತೆಗೆದು ತಿರುಗುವ ಒಂಟಿ ಸೀಟು ಹಾಕಲು ಏನೇನು ಬೇಕು?

ಪ್ರಶ್ನೆ: ನಮ್ಮ ವ್ಯಾನಿನಲ್ಲಿ ಡ್ರೈವರ್ ಪಕ್ಕ ಇಬ್ಬರು ಕೂರುವ ಸೀಟಿದೆ. ಅದನ್ನು ತೆಗೆದು, ನಿಲ್ಲಿಸಿದಾಗ ಹಿಂದಕ್ಕೆ ತಿರುಗಿಸಬಹುದಾದ ಒಂಟಿ ಸೀಟು ಹಾಕಬೇಕೆಂದಿದ್ದೇವೆ. ಒಂದು ಬಳಸಿದ ಸೀಟು, ಅದನ್ನು ತಿರುಗಿಸುವ ಒಂದು ಸ್ವಿವೆಲ್ ಪ್ಲೇಟು ತಂದರೆ ಸಾಕೇ?

ಉತ್ತರ: ಸಾಲದು. ನೆಲದಿಂದ ಮೇಲಕ್ಕೆ ಒಂದೊಂದಾಗಿ ಎಣಿಸಿ: ಫ್ಲೋರ್, ಸೀಟಿನ ಪೀಠ, ಅದರ ಮೇಲೆ ಸ್ವಿವೆಲ್ ಪ್ಲೇಟು (ಒಂದರ ಮೇಲೊಂದು ತಿರುಗುವ ಎರಡು ತಟ್ಟೆ), ಆಮೇಲೆ ಹಿಂದೆ ಮುಂದೆ ಸರಿಯುವ ರೈಲು, ಕೊನೆಗೆ ಸೀಟು. ಇಬ್ಬರ ಸೀಟಿನ ಪೀಠ ಒಂಟಿ ಸೀಟಿಗೆ ಆಗುವುದಿಲ್ಲ. ಹಾಗಾಗಿ ನಿಮ್ಮದೇ ಮಾಡೆಲ್ಲಿನ ಒಂಟಿ ಸೀಟನ್ನು ಪೀಠ, ಬೋಲ್ಟು, ಬೆಲ್ಟಿನ ಬಕಲ್ ಸಮೇತ ಕೊಳ್ಳಿ. ಬಿಡಿಬಿಡಿಯಾಗಿ ಕೂಡಿಸಲು ಹೊರಟರೆ ಮರೆತುಹೋಗುವುದು ಹೆಚ್ಚಾಗಿ ಬಕಲ್ಲೇ. ಇಬ್ಬರ ಸೀಟಿನಲ್ಲಿ ಬಕಲ್‌ಗಳು ಸಾಮಾನ್ಯವಾಗಿ ಸೀಟಿನ ಚೌಕಟ್ಟಿಗೇ ಕೂತಿರುತ್ತವೆ. ಸೀಟು ಹೊರಗೆ ಹೋದರೆ ಅವೂ ಹೋದವು, ಬಾಗಿಲ ಪಕ್ಕದ ಕಂಬದಲ್ಲಿ ಬೆಲ್ಟು ಮಾತ್ರ ನೇತಾಡುತ್ತಿರುತ್ತದೆ.

ಏನನ್ನೂ ಕೊಳ್ಳುವ ಮೊದಲು ಮ್ಯಾಟ್ ಎತ್ತಿ ಫ್ಲೋರ್ ನೋಡಿ. ಹಲವು ವ್ಯಾನುಗಳಲ್ಲಿ ಒಂಟಿ ಸೀಟಿಗೆ ಬೇಕಾದ ನಟ್‌ಗಳನ್ನು ಕಾರ್ಖಾನೆಯಲ್ಲೇ ಬೆಸೆದಿರುತ್ತಾರೆ, ತೂತಿಗೆ ರಬ್ಬರ್ ಬಿರಡೆ ಹಾಕಿರುತ್ತಾರೆ. ಅವಿದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ತೆಳು ತಗಡಿಗೆ ತೂತು ಕೊರೆದು ವಾಷರ್ ಹಾಕಿ ಬಿಗಿಯುವುದು ಖಂಡಿತ ಬೇಡ. ಬಕಲ್ ಸೀಟಿಗೇ ಕೂತಿದ್ದರೆ, ಅಪಘಾತದಲ್ಲಿ ಬೆಲ್ಟು ಜಗ್ಗುವ ಬಲವೂ ಪ್ಲೇಟು, ಪೀಠದ ಮೂಲಕ ಈ ಬೋಲ್ಟುಗಳಿಗೇ ಬರುತ್ತದೆ. ತಗಡು ಹರಿದು ಸೀಟೇ ಕಿತ್ತುಬರುತ್ತದೆ. ಫ್ಲೋರಿನ ಕೆಳಗೆ ಬಲವರ್ಧನೆಯ ಪ್ಲೇಟು ಬೇಕು, ಅಲ್ಲಿ ಬ್ರೇಕಿನ ಪೈಪು ಅಥವಾ ಇಂಧನದ ಟ್ಯಾಂಕ್ ಇದೆಯೇ ಎಂದೂ ನೋಡಬೇಕು. ಇದು ಬಾಡಿ ಕೆಲಸ ಬಲ್ಲವರ ಕೈಗೆ ಬಿಡುವಂಥದ್ದು. ಸ್ವಿವೆಲ್ ಪ್ಲೇಟಿನ ವಿಷಯದಲ್ಲೂ ಇದೇ ಲೆಕ್ಕ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 14ನೆಯದು ಬೆಲ್ಟು ಕಟ್ಟುವ ಜಾಗಗಳ ಬಲಕ್ಕೆ, 17ನೆಯದು ಸೀಟಿನ ಬಲಕ್ಕೆ ಸಂಬಂಧಿಸಿದ್ದು. ನಿಮ್ಮ ಮಾಡೆಲ್ಲಿಗೆ ಈ ಪರೀಕ್ಷೆ ಆಗಿದೆ ಎಂಬ ಕಾಗದ ಇರುವ ಪ್ಲೇಟನ್ನೇ ತನ್ನಿ.

ತಿರುಗುವ ಕೇಂದ್ರವನ್ನೂ ಗಮನಿಸಿ. ಕೇಂದ್ರ ನಟ್ಟನಡುವೆ ಇದ್ದರೆ ಇಕ್ಕಟ್ಟಾದ ಕ್ಯಾಬಿನ್ನಿನಲ್ಲಿ ಸೀಟಿನ ಬೆನ್ನು ಬಾಗಿಲ ಕಂಬಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ. ಅಂಥ ಕಡೆ ಕೇಂದ್ರ ಸ್ವಲ್ಪ ಪಕ್ಕಕ್ಕಿರುವ ಪ್ಲೇಟು ಬೇಕು. ಅದರಲ್ಲಿ ಎಡಗಡೆಯ ಸೀಟಿಗೆ ಬೇರೆ, ಬಲಗಡೆಯ ಸೀಟಿಗೆ ಬೇರೆ. ಎತ್ತರವೂ ಪ್ಲೇಟಿನ ದಪ್ಪದಷ್ಟು, ಅಂದರೆ ಸಾಮಾನ್ಯವಾಗಿ 3ರಿಂದ 5 ಸೆಂಟಿಮೀಟರ್, ಏರುತ್ತದೆ. ಗಿಡ್ಡ ಕಾಲಿನವರಿಗೆ ಪಾದ ನೆಲ ಮುಟ್ಟದೆ ತೊಡೆ ಜೋಮು ಹಿಡಿಯುತ್ತದೆ. ಕೆಲವು ಮಾಡೆಲ್‌ಗಳಿಗೆ ತಗ್ಗಿಸಿದ ಪೀಠ ಸಿಗುತ್ತದೆ, ದೂರ ಪ್ರಯಾಣ ಮಾಡುವವರಾದರೆ ಅದಕ್ಕೆ ಹಣ ಹಾಕುವುದು ಸರಿ.

ಈಗ ಬಿಚ್ಚುವ ಕೆಲಸ. ಸೀಟಿನಲ್ಲಿ ಪಕ್ಕದ ಏರ್‌ಬ್ಯಾಗ್ ಇದ್ದರೆ ಕೆಳಗೆ ಹಳದಿ ಕನೆಕ್ಟರ್ ಇರುತ್ತದೆ. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಮ್ಯಾನುಯಲ್ಲಿನಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ಅದು ಕೈಯಲ್ಲಿಲ್ಲದಿದ್ದರೆ 10 ನಿಮಿಷಕ್ಕೆ ಕಡಿಮೆ ಬೇಡ. ಆಮೇಲಷ್ಟೇ ಹಳದಿ ಕನೆಕ್ಟರಿಗೆ ಕೈ ಹಾಕಿ. ಆ ವೈರಿಗೆ ಮಲ್ಟಿಮೀಟರ್ ತಾಗಿಸಲೇಬೇಡಿ, ಅದರ ಸಣ್ಣ ಕರೆಂಟೂ ಅಪಾಯ. ಕನೆಕ್ಟರ್ ಬಿಚ್ಚಿರುವಾಗ ಕೀ ತಿರುಗಿಸಿದರೆ ಏರ್‌ಬ್ಯಾಗ್ ದೀಪ ಹತ್ತಿ, ಸ್ಕ್ಯಾನರ್ ಹಾಕಿ ಅಳಿಸುವವರೆಗೂ ಆರದೆ ಉಳಿಯಬಹುದು. ಹಳೆಯ ಸೀಟಿಗೆ ಏರ್‌ಬ್ಯಾಗ್ ಇದ್ದು ಹೊಸದಕ್ಕೆ ಇಲ್ಲದಿದ್ದರೂ ಅದೇ ಪಾಡು. ಆದ್ದರಿಂದ ಕೊಳ್ಳುವಾಗಲೇ ಎರಡೂ ಕನೆಕ್ಟರ್‌ಗಳನ್ನು ಹೋಲಿಸಿ ನೋಡಿ. ಇಬ್ಬರ ಸೀಟು ಭಾರ, ಹೊರಗಿಳಿಸಲು ಇನ್ನೊಬ್ಬರು ಬೇಕು.

ಪೀಠವನ್ನು ಫ್ಲೋರಿಗೆ ಕೂರಿಸಿ, ಮೇಲೆ ಪ್ಲೇಟಿಡಿ. ಮೇಲಿನ ತಟ್ಟೆಯನ್ನು ಸ್ವಲ್ಪ ತಿರುಗಿಸಿದರೆ ಕೆಳತಟ್ಟೆಯ ತೂತುಗಳು ಕಾಣುತ್ತವೆ. ಈ ಬೋಲ್ಟುಗಳ ತಲೆ ಎರಡು ತಟ್ಟೆಗಳ ನಡುವೆ ಉಳಿಯುವುದರಿಂದ ಪ್ಲೇಟಿನ ಜೊತೆ ಬಂದ ಚಪ್ಪಟೆ ತಲೆಯ ಬೋಲ್ಟನ್ನೇ ಹಾಕಿ. ದಪ್ಪ ತಲೆಯದು ಮೇಲಿನ ತಟ್ಟೆಗೆ ಉಜ್ಜಿ ಸೀಟು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ನಾಲ್ಕನ್ನೂ ಮೊದಲು ಕೈಯಲ್ಲೇ ಎರಡು ಮೂರು ಸುತ್ತು ಹಿಡಿಸಿ, ಆಮೇಲೆ ಎದುರುಬದುರು ಮೂಲೆಗಳಂತೆ ಬಿಗಿಯುತ್ತಾ ಬನ್ನಿ. ಒಂದು ಮೂಲೆಯನ್ನು ಮೊದಲೇ ಪೂರ್ತಿ ಬಿಗಿದರೆ ಪ್ಲೇಟು ಸೊಟ್ಟಗೆ ಕೂತು, ಲಾಕಿನ ಪಿನ್ನು ತನ್ನ ತೂತಿಗೆ ಸರಿಯಾಗಿ ಬೀಳುವುದಿಲ್ಲ. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲೇ (ಬಿಗಿಯುವ ಬಲ ಅಳೆಯುವ ಸ್ಪ್ಯಾನರ್) ಆಗಬೇಕು, ಬಲದ ಅಂಕಿ ಪ್ಲೇಟಿನ ಮತ್ತು ವ್ಯಾನಿನ ಮ್ಯಾನುಯಲ್ಲಿನದೇ ಆಗಿರಬೇಕು. ಒಂದು ಬೋಲ್ಟು ಕಳೆದುಹೋಯಿತೆಂದು ಕೈಗೆ ಸಿಕ್ಕಿದ್ದನ್ನು ತುರುಕಬೇಡಿ. ತಲೆಯ ಮೇಲೆ ಬೋಲ್ಟಿನ ಬಲ ತೋರಿಸುವ 8.8 ಅಥವಾ 10.9 ಎಂಬ ಗುರುತು ಮೊದಲಿನದಕ್ಕೆ ಹೊಂದಬೇಕು.

ವೈರನ್ನು ಪ್ಲೇಟಿನ ನಡುವಿನ ತೂತಿನಿಂದ ಮೇಲೆ ತನ್ನಿ, ಅಂಚಿನಿಂದ ತಂದರೆ ತಿರುಗಿಸುವಾಗ ತಟ್ಟೆಗಳ ನಡುವೆ ಸಿಕ್ಕಿ ಸಿಪ್ಪೆ ಸುಲಿಯುತ್ತದೆ. ಸೀಟನ್ನು ರೈಲಿನ ಸಮೇತ ಮೇಲಿನ ತಟ್ಟೆಗೆ ಬಿಗಿದ ಮೇಲೆ ಬಾಗಿಲು ತೆರೆದು, ಸೀಟನ್ನು ರೈಲಿನ ನಡುವಿಗೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ ನಿಧಾನವಾಗಿ ತಿರುಗಿಸುತ್ತಾ ವೈರು ಎಲ್ಲಾದರೂ ಬಿಗಿಯಾಗುತ್ತದೆಯೇ, ಬೆಲ್ಟಿನ ಕೆಳತುದಿ ಸಿಕ್ಕಿಕೊಳ್ಳುತ್ತದೆಯೇ ನೋಡಿ. ಎಲ್ಲ ಸರಿಯಿದ್ದರೆ ಕನೆಕ್ಟರ್ ಸೇರಿಸಿ, ಬ್ಯಾಟರಿ ವೈರನ್ನು ಕಡೆಯಲ್ಲಿ ಹಾಕಿ.

ಸೀಟುಗಳ ಸಂಖ್ಯೆ ಕಡಿಮೆಯಾದದ್ದನ್ನು ಅನೇಕ ದೇಶಗಳಲ್ಲಿ ನೋಂದಣಿಯಲ್ಲಿ ತಿದ್ದಿಸಬೇಕು, ವಿಮೆಯವರಿಗೂ ತಿಳಿಸಿ. ಹೊರಡುವ ಮುನ್ನ ಪ್ರತಿ ಸಲವೂ ಸೀಟನ್ನು ಮುಂದಕ್ಕೆ ತಿರುಗಿಸಿ, ಲಾಕ್ ಬಿದ್ದ ಸದ್ದು ಕೇಳಿ, ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಎಡಕ್ಕೆ ಬಲಕ್ಕೆ ಜಗ್ಗಿ. ಅದು ತಿರುಗಿದರೆ ಲಾಕ್ ಬಿದ್ದಿಲ್ಲ.